ರೀಸ್ಟಾರ್ಟ್‌ಗೆ ಯಾರ ಒಪ್ಪಿಗೆ? ಕಂಪ್ಯೂಟರ್ ಅಪ್‌ಡೇಟ್ ಸೂಚನೆಗಳ ಕಾಲು ಶತಮಾನದ ವಾದ

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಬಿಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ 10 ಗಂಟೆ. ನಮ್ಮಲ್ಲಿ ಕಾಲಮಾನಕ್ಕೆ ತಕ್ಕಂತೆ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಹಾವೇರಿ ಜಿಲ್ಲೆಯ ಅಂಗಡಿ, ಕಚೇರಿಗಳ ಕಂಪ್ಯೂಟರ್‌ಗಳಿಗೆ ಅದು ಮುಟ್ಟುವುದು ಬುಧವಾರ ಬಾಗಿಲು ತೆರೆದ ಮೇಲೆ. ಡೌನ್‌ಲೋಡ್ ಮುಗಿದು, ರೀಸ್ಟಾರ್ಟ್ ಮಾಡಿ ಎಂಬ ಸೂಚನೆ ಪರದೆಯ ಮೇಲೆ ಏಳುವ ಹೊತ್ತಿಗೆ ಎಷ್ಟೋ ಸಲ ಗುರುವಾರ ಆಗಿರುತ್ತದೆ. ಸೋಮವಾರ ಮತ್ತು ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನಗಳು.

ಇನ್ನೊಂದು ಲೆಕ್ಕವನ್ನೂ ನೋಡಿ. ಎರಡನೇ ಮಂಗಳವಾರ ಎಂದರೆ 8ರಿಂದ 14ನೇ ತಾರೀಖಿನೊಳಗೆ ಬರುವ ದಿನ. ತಿಂಗಳ ಮಾರಾಟದ ಲೆಕ್ಕವನ್ನು ಜಿಎಸ್‌ಟಿಆರ್-1 ನಮೂನೆಯಲ್ಲಿ ಸಲ್ಲಿಸಲು 11ನೇ ತಾರೀಖು ಕೊನೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯ ಲೆಕ್ಕ ಬರೆಯುವವರು ಉಸಿರು ಬಿಡಲೂ ಪುರುಸೊತ್ತಿಲ್ಲದೆ ಕೂತ ದಿನವೇ ಕಂಪ್ಯೂಟರ್ ತನಗೂ ಒಂದಿಷ್ಟು ಹೊತ್ತು ಬೇಕು ಎನ್ನುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆ ದಿನವನ್ನು ಗೊತ್ತುಮಾಡಿದವರ ಎದುರಿಗೆ ಬ್ಯಾಡಗಿಯ ಸಂತೆಯ ಲೆಕ್ಕ ಇರಲಿಲ್ಲ, ಅಷ್ಟೇ.

ಅಪ್‌ಡೇಟ್ ಬೇಕೋ ಬೇಡವೋ ಎಂಬುದು ಈಗ ಚರ್ಚೆಯ ವಿಷಯವಲ್ಲ, ಬೇಕು. ಚರ್ಚೆ ಇರುವುದು ಅದನ್ನು ಬಳಕೆದಾರರಿಗೆ ತಿಳಿಸುವ ಬಗೆಯ ಕುರಿತು. ಕೇಳಿ ಮಾಡಬೇಕೆ, ಹೇಳಿ ಮಾಡಬೇಕೆ, ಹೇಳದೆಯೇ ಮಾಡಿ ಮುಗಿಸಬೇಕೆ? ಈ ಪ್ರಶ್ನೆಗೆ ಕಾಲು ಶತಮಾನದಲ್ಲಿ ಬಂದ ಉತ್ತರಗಳು ಯಾವುವು, ಒಂದೊಂದು ಎಲ್ಲಿಯವರೆಗೆ ಸರಿ, ನಮ್ಮ ಊರುಗಳಿಗೆ ಬಂದಾಗ ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಪ್ರಶ್ನೆ ಹುಟ್ಟಿದ ಬಗೆ

ತೊಂಬತ್ತರ ದಶಕದ ಬಹುಭಾಗ ಈ ಪ್ರಶ್ನೆಯೇ ಇರಲಿಲ್ಲ. ಕಂಪ್ಯೂಟರ್‌ಗೆ ಹೊಸ ತಂತ್ರಾಂಶ ಬರುತ್ತಿದ್ದದ್ದು ಫ್ಲಾಪಿಯಲ್ಲಿ, ಆಮೇಲೆ ಸಿ.ಡಿ.ಯಲ್ಲಿ. ತಂದು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. 1998ರಲ್ಲಿ ವಿಂಡೋಸ್ 98ರ ಜೊತೆ ‘ವಿಂಡೋಸ್ ಅಪ್‌ಡೇಟ್’ ಎಂಬ ಜಾಲತಾಣ ಬಂತು. ಬಳಕೆದಾರರೇ ಅಲ್ಲಿಗೆ ಹೋಗಿ, ಏನಾದರೂ ಹೊಸತು ಬಂದಿದೆಯೇ ಎಂದು ನೋಡಿಕೊಳ್ಳಬೇಕಿತ್ತು. ಆ್ಯಪಲ್ ಕಂಪನಿ 1999ರಲ್ಲಿ ಮ್ಯಾಕ್ ಓಎಸ್ 9ರೊಳಗೆ ಸಾಫ್ಟ್‌ವೇರ್ ಅಪ್‌ಡೇಟ್ ಸೌಲಭ್ಯ ಇಟ್ಟಿತು. 2000ದಲ್ಲಿ ಬಂದ ವಿಂಡೋಸ್ ಎಂಇ ತಾನಾಗಿ ಹುಡುಕಿ ತಿಳಿಸುವ ವ್ಯವಸ್ಥೆ ತಂದಿತು.

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಹೊಸ ಜಿಲ್ಲೆಯ ಕಚೇರಿಗಳಿಗೆ ಕಂಪ್ಯೂಟರ್ ಬಂದ ಕಾಲ, ಅಪ್‌ಡೇಟ್ ಎಂಬ ಮಾತು ಹುಟ್ಟಿದ ಕಾಲ ಹೆಚ್ಚುಕಡಿಮೆ ಒಂದೇ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಿಂದ ತಾಲ್ಲೂಕು ಕಚೇರಿಯ ಪಹಣಿ ಕೈಬರಹದಿಂದ ಪ್ರಿಂಟರ್‌ಗೆ ಬಂತು. ಮುಂದೆ ನಾಡಕಚೇರಿ, ಗ್ರಾಮ ಒನ್ ಕೇಂದ್ರಗಳ ಮೂಲಕ ಹಳ್ಳಿಯ ಮನುಷ್ಯನೂ ಕಂಪ್ಯೂಟರ್ ಮುಂದೆ ಸರದಿಯಲ್ಲಿ ನಿಲ್ಲುವಂತಾಯಿತು.

ಹೊರಗಿನ ಜಗತ್ತಿನಲ್ಲಿ ಈ ನಡುವೆ ಎರಡು ಹೊಡೆತ ಬಿದ್ದವು. 2001ರ ಜುಲೈನಲ್ಲಿ ‘ಕೋಡ್ ರೆಡ್’ ಎಂಬ ವರ್ಮ್ ಲಕ್ಷಾಂತರ ಸರ್ವರ್‌ಗಳನ್ನು ಹಿಡಿಯಿತು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಜೂನ್ 18ಕ್ಕೇ ಬಿಟ್ಟಿತ್ತು. 2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ಮನೆಮನೆಯ ಕಂಪ್ಯೂಟರ್‌ಗಳನ್ನು ಕೆಡವಿತು. ಅದರ ತೇಪೆ ಜುಲೈ 16ಕ್ಕೇ ಸಿದ್ಧವಿತ್ತು. ಮದ್ದು ಅಂಗಡಿಯಲ್ಲಿತ್ತು, ರೋಗಿಗೆ ಸುದ್ದಿ ಮುಟ್ಟಿರಲಿಲ್ಲ. ತೇಪೆ ತಯಾರಿಸಿದರೆ ಸಾಲದು, ಅದು ಹಾಕಿಸಿಕೊಳ್ಳುವವರನ್ನು ಮುಟ್ಟಬೇಕು ಎಂಬುದು ಆಗ ಮನವರಿಕೆಯಾಯಿತು.

2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ಸಿಬ್ಬಂದಿಗೆ ಬರೆದ ಟಿಪ್ಪಣಿಯಲ್ಲಿ ಹೊಸ ಸೌಲಭ್ಯಗಳಿಗಿಂತ ಭದ್ರತೆಗೆ ಆದ್ಯತೆ ಎಂದು ಘೋಷಿಸಿದ್ದರು. 2003ರ ಅಕ್ಟೋಬರ್‌ನಿಂದ ಎರಡನೇ ಮಂಗಳವಾರದ ಪದ್ಧತಿ ಶುರುವಾಯಿತು. ದೊಡ್ಡ ಕಂಪನಿಗಳ ತಾಂತ್ರಿಕ ಸಿಬ್ಬಂದಿ ಮೊದಲೇ ತಯಾರಾಗಿರಲಿ ಎಂಬುದು ಅದರ ಉದ್ದೇಶ. 2004ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2, ಮೊದಲ ಸಲ ತೆರೆದುಕೊಂಡಾಗಲೇ ಸ್ವಯಂಚಾಲಿತ ಅಪ್‌ಡೇಟ್ ಆನ್ ಮಾಡಲೇ ಎಂದು ಇಡೀ ಪರದೆಯಲ್ಲಿ ಕೇಳಿತು. ಅಲ್ಲಿಂದಾಚೆಗೆ ವಿನ್ಯಾಸಕಾರರು ಹಿಡಿದ ದಾರಿಗಳನ್ನು ನಾಲ್ಕು ಪಂಥಗಳಾಗಿ ವಿಂಗಡಿಸಬಹುದು.

ಮೊದಲ ಪಂಥ: ಮೂಲೆಯಲ್ಲೊಂದು ಗುರುತು

ಬಳಕೆದಾರರ ಕೆಲಸಕ್ಕೆ ಅಡ್ಡ ಬರಬೇಡ, ಗಮನಕ್ಕೆ ಬರುವಷ್ಟು ಗುರುತು ಇಟ್ಟು ಸುಮ್ಮನಿರು ಎಂಬುದು ಈ ಪಂಥದ ನಂಬಿಕೆ. ಎಕ್ಸ್‌ಪಿಯ ಬಲಮೂಲೆಯ ಹಳದಿ ಗುರಾಣಿ, ಮ್ಯಾಕ್‌ನ ಐಕಾನ್ ಮೇಲಿನ ಕೆಂಪು ಅಂಕಿ, ವಿಂಡೋಸ್ 10ರ ಪವರ್ ಗುಂಡಿಯ ಮೇಲೆ ಕೂರುವ ಕಿತ್ತಳೆ ಚುಕ್ಕೆ ಇದರ ಸಂತತಿ. ಕ್ರೋಮ್ ಬ್ರೌಸರ್ ಇದನ್ನು ಇನ್ನಷ್ಟು ಹದಗೊಳಿಸಿತು. ಅಪ್‌ಡೇಟ್ ಬಂದು ಎರಡು ದಿನದೊಳಗಾದರೆ ಹಸಿರು, ನಾಲ್ಕು ದಿನದ ಹೊತ್ತಿಗೆ ಕಿತ್ತಳೆ, ವಾರವಾದರೆ ಕೆಂಪು. ತಡ ಎಷ್ಟಾಗಿದೆ ಎಂಬುದು ಬಣ್ಣದಲ್ಲೇ ತಿಳಿಯುತ್ತದೆ.

ಬಳಕೆದಾರರನ್ನು ತಿಳಿವಳಿಕೆಯುಳ್ಳವರು ಎಂದು ನಂಬುವುದು ಈ ಪಂಥದ ಬಲ. ಅದೇ ಅದರ ದೌರ್ಬಲ್ಯವೂ ಹೌದು. ಬಲಮೂಲೆಯಲ್ಲಿ ಆ್ಯಂಟಿವೈರಸ್, ಪ್ರಿಂಟರ್, ಧ್ವನಿ, ನೆಟ್‌ವರ್ಕ್ ಅಂತ ಏಳೆಂಟು ಚಿತ್ರಗಳು ಸಾಲಾಗಿ ಕೂತಿರುವಾಗ ಒಂಬತ್ತನೆಯದನ್ನು ಯಾರೂ ನೋಡುವುದಿಲ್ಲ. ಚುಕ್ಕೆಯ ಅರ್ಥ ಗೊತ್ತಿಲ್ಲದವರ ಪಾಲಿಗೆ ಅದು ಚುಕ್ಕೆ ಮಾತ್ರ.

ಎರಡನೇ ಪಂಥ: ಎದುರಿಗೆ ಬಂದು ಕೇಳುವುದು

ಗುರುತನ್ನು ಯಾರೂ ನೋಡುವುದಿಲ್ಲ ಎಂದಾದರೆ ಎದುರಿಗೇ ಬಂದು ಕೇಳಬೇಕು ಎನ್ನುವವರು ಎರಡನೆಯವರು. ಎಕ್ಸ್‌ಪಿ ಬಳಸಿದವರಿಗೆ ಹತ್ತು ಹತ್ತು ನಿಮಿಷಕ್ಕೆ ಬರುತ್ತಿದ್ದ ರೀಸ್ಟಾರ್ಟ್ ಪೆಟ್ಟಿಗೆ ನೆನಪಿರಬಹುದು. ಈಗಲೇ ಅಥವಾ ಆಮೇಲೆ, ಎರಡೇ ಆಯ್ಕೆ. ‘ಆಮೇಲೆ’ ಒತ್ತಿದರೆ ಹತ್ತು ನಿಮಿಷಕ್ಕೆ ಮತ್ತೆ ಹಾಜರು.

ಈ ಪಂಥದ ಅತಿ ಸ್ವಾರಸ್ಯಕರ ಪ್ರಯೋಗ ನಡೆದದ್ದು ಲಿನಕ್ಸ್ ಲೋಕದಲ್ಲಿ. 2009ರ ಏಪ್ರಿಲ್‌ನಲ್ಲಿ ಬಂದ ಉಬುಂಟು 9.04 ಮೂಲೆಯ ಐಕಾನನ್ನು ಕೈಬಿಟ್ಟು, ಅಪ್‌ಡೇಟ್ ಕಿಟಕಿಯನ್ನೇ ತಾನಾಗಿ ತೆರೆಯತೊಡಗಿತು. ಭದ್ರತೆಯ ಅಪ್‌ಡೇಟ್ ಇದ್ದರೆ ಬೇಗ, ಉಳಿದದ್ದಕ್ಕೆ ವಾರಕ್ಕೊಮ್ಮೆ. ಆ ಕಿಟಕಿ ಮಾಡುತ್ತಿರುವ ಕೆಲಸದ ಮೇಲೆ ಬಂದು ಬೀಳದೆ ಹಿಂದೆ ತೆರೆದುಕೊಳ್ಳುತ್ತಿತ್ತು. ಹೊಸಬರು ಐಕಾನ್ ಒತ್ತುವುದೇ ಇಲ್ಲ ಎಂಬುದು ಬದಲಾವಣೆಗೆ ಕೊಟ್ಟ ಕಾರಣ. ಹಳಬರು ಸಿಟ್ಟಿಗೆದ್ದರು: ಕೇಳದೆ ಕಿಟಕಿ ತೆರೆಯುವುದು ಜಾಹೀರಾತಿನವರ ಚಾಳಿ, ಇಂಥ ಕಿಟಕಿಗೆ ಪಾಸ್‌ವರ್ಡ್ ಕೊಡುವ ಅಭ್ಯಾಸ ಬಿದ್ದರೆ ನಾಳೆ ಕಳ್ಳಕಿಟಕಿಗೂ ಕೊಡುತ್ತಾರೆ ಎಂದು ವಾದಿಸಿದರು. ಎರಡೂ ಕಡೆಯ ಮಾತಿನಲ್ಲಿ ಹುರುಳಿತ್ತು.

ಹನ್ನೆರಡು ವರ್ಷ ಕಳೆದು ಇದೇ ತಕರಾರು ಲಿನಕ್ಸ್ ಮಿಂಟ್‌ನಲ್ಲಿ ಮರುಹುಟ್ಟು ಪಡೆಯಿತು. ತಮ್ಮ ಬಳಕೆದಾರರಲ್ಲಿ ಬ್ರೌಸರ್ ಅಪ್‌ಡೇಟನ್ನು ಒಂದು ವಾರದೊಳಗೆ ಹಾಕಿಕೊಳ್ಳುವವರು ಮೂರನೇ ಒಂದು ಭಾಗಕ್ಕೂ ಕಡಿಮೆ ಎಂದು ಮಿಂಟ್ ತಂಡ 2021ರ ಫೆಬ್ರುವರಿಯಲ್ಲಿ ಬಹಿರಂಗವಾಗಿಯೇ ಬರೆಯಿತು. ಅದೇ ಜುಲೈನಲ್ಲಿ ಬಂದ 20.2 ಆವೃತ್ತಿ ಸೂಚನೆ ಕೊಡತೊಡಗಿತಾದರೂ ಅದರ ಲೆಕ್ಕ ಬೇರೆ ಥರದ್ದು. ಅಪ್‌ಡೇಟ್ ಬಂದ ಕೂಡಲೇ ಕೂಗುವುದಿಲ್ಲ. ಕಂಪ್ಯೂಟರ್ ಬಳಸಿದ ದಿನಗಳು ಏಳು ದಾಟಿದರೆ, ಇಲ್ಲವೇ ಕ್ಯಾಲೆಂಡರ್‌ನ ಹದಿನೈದು ದಿನ ದಾಟಿದರೆ ಮಾತ್ರ ನೆನಪಿಸುತ್ತದೆ. ಬಳಸಿದ ದಿನವನ್ನೇ ಲೆಕ್ಕಕ್ಕೆ ಹಿಡಿಯುವ ಈ ಉಪಾಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ವಾರಕ್ಕೆ ಎರಡು ದಿನ ಮಾತ್ರ ತೆರೆಯುವ ಯಂತ್ರಕ್ಕೂ ದಿನವಿಡೀ ಓಡುವ ಯಂತ್ರಕ್ಕೂ ಒಂದೇ ಗಡುವು ಹೊಂದುವುದಿಲ್ಲ ಎಂದು ಒಪ್ಪಿಕೊಂಡ ವಿನ್ಯಾಸ ಅದು.

ಮೂರನೇ ಪಂಥ: ಗಡುವು ಕೊಟ್ಟು ಮಾಡಿಸುವುದು

ಕೇಳಿದರೆ ಜನ ಬೇಡ ಎನ್ನುತ್ತಾರೆ. ಒಬ್ಬರ ಕಂಪ್ಯೂಟರ್‌ಗೆ ತಗುಲಿದ ರೋಗ ಪಕ್ಕದವರಿಗೂ ಹರಡುತ್ತದೆ. ಆದ್ದರಿಂದ ಬೇಡ ಎನ್ನುವ ಆಯ್ಕೆಯೇ ಇರಬಾರದು. ಇದು ಮೂರನೇ ಪಂಥ, 2015ರ ಜುಲೈ 29ರಂದು ಬಂದ ವಿಂಡೋಸ್ 10 ಅದರ ಮುಖ್ಯ ಪ್ರತಿನಿಧಿ. ಮನೆ ಬಳಕೆಯ ಹೋಮ್ ಆವೃತ್ತಿಯಲ್ಲಿ ಅಪ್‌ಡೇಟನ್ನು ನಿರಾಕರಿಸುವ ಗುಂಡಿಯನ್ನೇ ತೆಗೆದುಹಾಕಲಾಯಿತು.

ಈ ಪಂಥಕ್ಕೆ ದೊಡ್ಡ ಸಮರ್ಥನೆ ಸಿಕ್ಕಿದ್ದು 2017ರ ಮೇ 12ರಂದು. ‘ವನ್ನಾಕ್ರೈ’ ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಭಾರತದಲ್ಲಿ ಆಂಧ್ರಪ್ರದೇಶದ ಪೊಲೀಸ್ ಕಂಪ್ಯೂಟರ್‌ಗಳಿಗೂ ಪೆಟ್ಟು ಬಿತ್ತು. ಅದನ್ನು ತಡೆಯುವ ತೇಪೆ ಮಾರ್ಚ್ 14ಕ್ಕೇ, ಅಂದರೆ ಸುಮಾರು ಎರಡು ತಿಂಗಳ ಮುಂಚೆಯೇ ಬಂದಿತ್ತು. ಸಿಕ್ಕಿಬಿದ್ದ ಬಹುಪಾಲು ಯಂತ್ರಗಳು ವಿಂಡೋಸ್ 7ರವು. ಅವುಗಳಿಗೆ ಆಗ ತೇಪೆ ಲಭ್ಯವಿತ್ತು, ಹಾಕಿರಲಿಲ್ಲ.

ವಿರುದ್ಧ ಸಾಕ್ಷ್ಯವೂ ಅಷ್ಟೇ ಗಟ್ಟಿ. 2016ರಲ್ಲಿ ಹಳೆಯ ವಿಂಡೋಸ್ ಇದ್ದವರಿಗೆ ವಿಂಡೋಸ್ 10 ತೆಗೆದುಕೊಳ್ಳಿ ಎಂದು ಬರುತ್ತಿದ್ದ ಪೆಟ್ಟಿಗೆಯ ಮೇಲುತುದಿಯ ಕೆಂಪು ಗುಣಾಕಾರ ಚಿಹ್ನೆ ಒತ್ತಿದರೂ ಅದನ್ನು ಒಪ್ಪಿಗೆ ಎಂದೇ ತಿಳಿಯಲಾಗುತ್ತಿತ್ತು. ಇಪ್ಪತ್ತು ವರ್ಷ ‘ಮುಚ್ಚು’ ಎಂದು ಕಲಿಸಿದ ಗುರುತು ಒಂದು ದಿನ ‘ಆಗಲಿ’ ಎಂದಾಯಿತು. ಕೇಳದೆ ಹೇರಿದ ಈ ಬದಲಾವಣೆಯಿಂದ ತನ್ನ ಕೆಲಸ ಕೆಟ್ಟಿತೆಂದು ಕ್ಯಾಲಿಫೋರ್ನಿಯಾದ ಪ್ರವಾಸ ಏಜೆನ್ಸಿಯ ಮಾಲೀಕರೊಬ್ಬರು ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪರಿಹಾರ ಪಡೆದರು. 2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಕಡತಗಳನ್ನೇ ಅಳಿಸಿತು. ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದು ನವೆಂಬರ್‌ನಲ್ಲಿ ಮತ್ತೆ ಬಿಡಬೇಕಾಯಿತು.

ಹಾಗಾಗಿ ಮೂರನೇ ಪಂಥವೇ ಮೆಲ್ಲಗೆ ಬಾಗತೊಡಗಿತು. 2016ರಲ್ಲಿ ‘ಆ್ಯಕ್ಟಿವ್ ಅವರ್ಸ್’ ಎಂಬ ಕೆಲಸದ ಹೊತ್ತಿನ ಸೆಟ್ಟಿಂಗ್ ಬಂತು. ಆ ಹೊತ್ತಿನಲ್ಲಿ ಯಂತ್ರ ತಾನಾಗಿ ರೀಸ್ಟಾರ್ಟ್ ಆಗದು. ಮೊದಲು 12 ಗಂಟೆ ಇದ್ದ ಮಿತಿ 2017ರಲ್ಲಿ 18 ಗಂಟೆಗೆ ಏರಿತು. 2019ರಲ್ಲಿ ಹೋಮ್ ಆವೃತ್ತಿಯವರೂ ಏಳೇಳು ದಿನದಂತೆ 35 ದಿನದವರೆಗೆ ಅಪ್‌ಡೇಟ್ ತಡೆಹಿಡಿಯಬಹುದು ಎಂದಾಯಿತು.

ನಾಲ್ಕನೇ ಪಂಥ: ಹೇಳದೇ ಮುಗಿಸುವುದು

ಸೂಚನೆಯೇ ಸಮಸ್ಯೆ ಎಂಬುದು ನಾಲ್ಕನೆಯವರ ನಿಲುವು. 2008ರಲ್ಲಿ ಬಂದ ಕ್ರೋಮ್ ಬ್ರೌಸರ್ ಹಿನ್ನೆಲೆಯಲ್ಲಿ ತಾನೇ ಅಪ್‌ಡೇಟ್ ಆಗುತ್ತಿತ್ತು. ಥಾಮಸ್ ಡ್ಯೂಬೆಂಡಾರ್ಫರ್ ಮತ್ತು ಸ್ಟೀಫನ್ ಫ್ರೈ 2009ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, ಹೊಸ ಆವೃತ್ತಿ ಬಂದು 21 ದಿನದೊಳಗೆ ಕ್ರೋಮ್ ಬಳಕೆದಾರರಲ್ಲಿ ಶೇ 97ರಷ್ಟು ಮಂದಿ ಅದಕ್ಕೆ ಬಂದಿದ್ದರು. ಸೂಚನೆ ಕೊಟ್ಟು ಕೇಳುತ್ತಿದ್ದ ಫೈರ್‌ಫಾಕ್ಸ್‌ನಲ್ಲಿ ಶೇ 85. ಕ್ರೋಮ್ ಓಎಸ್ ಇದೇ ತತ್ವವನ್ನು ಇಡೀ ಕಂಪ್ಯೂಟರ್‌ಗೆ ಅನ್ವಯಿಸಿತು. ಡಿಸ್ಕ್‌ನಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿರುತ್ತವೆ. ಒಂದು ಓಡುತ್ತಿರುವಾಗ ಇನ್ನೊಂದು ಅಪ್‌ಡೇಟ್ ಆಗಿ ಕಾಯುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಹೊಸದು ಮೇಲೆ ಬರುತ್ತದೆ, ಕೆಟ್ಟರೆ ಹಳೆಯದಕ್ಕೆ ಮರಳುತ್ತದೆ. ಉಬುಂಟು 2016ರ ಆವೃತ್ತಿಯಿಂದ ಭದ್ರತೆಯ ಅಪ್‌ಡೇಟ್‌ಗಳನ್ನು ಕೇಳದೆಯೇ ಹಾಕಿಕೊಳ್ಳುತ್ತಿದೆ. ಸೂಚನೆಗಳನ್ನು ನಯವಾಗಿ ಇಟ್ಟುಕೊಂಡು ಬಂದ ಆ್ಯಪಲ್ ಕೂಡ 2014ರ ಡಿಸೆಂಬರ್‌ನಲ್ಲಿ ಒಂದು ಅಪಾಯಕಾರಿ ದೋಷಕ್ಕಾಗಿ ಮೊದಲ ಸಲ ಕೇಳದೆ ತೇಪೆ ಹಾಕಿತು.

ಮೌನದ ಬೆಲೆ ಏನೆಂದು ತಿಳಿದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಕಡತವೊಂದು ಯಾರ ಒಪ್ಪಿಗೆಯನ್ನೂ ಕೇಳದೆ ಇಳಿದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅದು ವಿಂಡೋಸ್‌ನ ಅಪ್‌ಡೇಟ್ ಆಗಿರಲಿಲ್ಲ ನಿಜ. ಆದರೆ ಕೇಳದೆ ಬರುವ ಬದಲಾವಣೆ ಕೆಟ್ಟಾಗ ಎಲ್ಲರಿಗೂ ಏಕಕಾಲಕ್ಕೆ ಕೆಡುತ್ತದೆ ಎಂಬ ಪಾಠ ನಾಲ್ಕನೇ ಪಂಥಕ್ಕೆ ನೇರವಾಗಿ ತಟ್ಟುವಂಥದ್ದು.

ಜನ ಮುಂದೂಡುವುದೇಕೆ?

ಬಳಕೆದಾರರು ಸೋಮಾರಿಗಳು, ಅಜಾಗರೂಕರು ಎಂಬ ಹಳೆಯ ದೂರನ್ನು ಸಂಶೋಧನೆ ಪೂರ್ತಿ ಒಪ್ಪಿಲ್ಲ. ಕೇಮಿ ವೇನಿಯಾ, ಎಮಿಲಿ ರೇಡರ್, ರಿಕ್ ವಾಶ್ ಅವರು ತಜ್ಞರಲ್ಲದ 37 ವಿಂಡೋಸ್ ಬಳಕೆದಾರರನ್ನು ಮಾತನಾಡಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಹಿಂದೊಮ್ಮೆ ಅಪ್‌ಡೇಟ್ ಹಾಕಿ ಪೆಟ್ಟು ತಿಂದವರು ಮುಂದಿನದನ್ನು ದೂರ ಇಡುತ್ತಾರೆ. ಇದ್ದಕ್ಕಿದ್ದಂತೆ ಮೆನು ಬದಲಾದದ್ದು, ಬೇಡದ ತಂತ್ರಾಂಶ ಜೊತೆಗೆ ಬಂದದ್ದು ಅವರ ನೆನಪಿನಲ್ಲಿ ಉಳಿದಿರುತ್ತದೆ. ಅದೇ ತಂಡದ ಇನ್ನೊಂದು ಬರಹ, ಎಲ್ಲವನ್ನೂ ಯಂತ್ರಕ್ಕೆ ಬಿಟ್ಟರೆ ತಮ್ಮ ಕಂಪ್ಯೂಟರ್‌ನಲ್ಲಿ ಏನಾಗುತ್ತಿದೆ ಎಂಬ ಅರಿವೇ ಜನರಿಗೆ ಉಳಿಯುವುದಿಲ್ಲ ಎಂದು ತೋರಿಸಿತು.

ಗೂಗಲ್‌ನ ಸಂಶೋಧಕರು 2015ರಲ್ಲಿ ಕೇಳಿದ ಪ್ರಶ್ನೆ ಇನ್ನೂ ನೇರ: ಆನ್‌ಲೈನ್ ಸುರಕ್ಷತೆಗೆ ನೀವು ಮಾಡುವ ಮುಖ್ಯ ಕೆಲಸಗಳು ಯಾವುವು? ಅಪ್‌ಡೇಟ್ ಹಾಕುತ್ತೇವೆ ಎಂದ ತಜ್ಞರು ಶೇ 35, ಸಾಮಾನ್ಯರು ಶೇ 2. ಅದೇ ವರ್ಷ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು ಮೆದುಳಿನ ಚಿತ್ರಣದ ಮೂಲಕ ನೋಡಿದಾಗ, ಒಂದೇ ಎಚ್ಚರಿಕೆಯನ್ನು ಎರಡನೇ ಸಲ ತೋರಿಸುವಷ್ಟರಲ್ಲೇ ಮೆದುಳು ಅದನ್ನು ಗಮನಿಸುವುದು ತಗ್ಗಿತ್ತು. ಹತ್ತು ನಿಮಿಷಕ್ಕೊಮ್ಮೆ ಬರುವ ಪೆಟ್ಟಿಗೆ ಏಕೆ ಸೋತಿತು ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಎರಡು ಸಾವಿರದ ಮೊದಲ ದಶಕದಲ್ಲಿ ಸಣ್ಣ ಊರುಗಳಿಗೆ ಬಂದ ಅಸೆಂಬಲ್ ಮಾಡಿದ ಕಂಪ್ಯೂಟರ್‌ಗಳಲ್ಲಿ ಲೈಸೆನ್ಸ್ ಇಲ್ಲದ ವಿಂಡೋಸ್ ಇರುವುದು ಗುಟ್ಟಿನ ಸಂಗತಿಯಾಗಿರಲಿಲ್ಲ. 2006ರಲ್ಲಿ ಮೈಕ್ರೋಸಾಫ್ಟ್ ನಕಲಿ ಪ್ರತಿ ಪತ್ತೆ ಹಚ್ಚುವ ತಂತ್ರಾಂಶವನ್ನು ಅಪ್‌ಡೇಟ್ ಮಾರ್ಗದಲ್ಲೇ ಕಳಿಸಿತು; 2008ರಲ್ಲಿ ಅದು ಪರದೆಯ ಹಿನ್ನೆಲೆಯನ್ನೇ ಕಪ್ಪು ಮಾಡತೊಡಗಿತು. ರಿಪೇರಿಗೆ ಬಂದ ಹುಡುಗ ಮೊದಲು ಮಾಡುತ್ತಿದ್ದ ಕೆಲಸ ಅಪ್‌ಡೇಟ್ ಆಫ್ ಮಾಡುವುದು. “ಅಪ್‌ಡೇಟ್ ಆನ್ ಇಡಬ್ಯಾಡ್ರಿ, ಸ್ಕ್ರೀನ್ ಕಪ್ಪ ಆಗತೈತಿ” ಎಂಬ ಬುದ್ಧಿಮಾತು ಯಂತ್ರ ಬದಲಾದರೂ, ಲೈಸೆನ್ಸ್ ಬಂದರೂ ಬಾಯಿಂದ ಬಾಯಿಗೆ ಉಳಿದುಕೊಂಡಿತು. ತೇಪೆ ಬರುವ ದಾರಿಯಲ್ಲೇ ದಂಡವೂ ಬಂದರೆ ಜನ ದಾರಿಯನ್ನೇ ಮುಚ್ಚುತ್ತಾರೆ.

ಹಾವೇರಿ ಸೀಮೆಯ ಲೆಕ್ಕ

ಈ ನಾಲ್ಕೂ ಪಂಥಗಳು ತಮಗೆ ಗೊತ್ತಿಲ್ಲದೆಯೇ ಒಪ್ಪಿಕೊಂಡ ಒಂದು ಮಾತಿದೆ: ಪರದೆಯ ಮುಂದೆ ಕೂತವರೇ ಯಂತ್ರದ ಯಜಮಾನರು. ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಈ ಮಾತು ನಿಲ್ಲುವುದಿಲ್ಲ.

ಕರ್ನಾಟಕದ ಎಪಿಎಂಸಿಗಳನ್ನು ಜೋಡಿಸಿದ ಏಕೀಕೃತ ಮಾರುಕಟ್ಟೆ ವೇದಿಕೆ ಉದ್ಘಾಟನೆಯಾದದ್ದು 2014ರ ಫೆಬ್ರುವರಿ 22ರಂದು. ಕೂಗಿ ಹರಾಜು ಹಾಕುವ ಬದಲು ಲಾಟ್ ನಂಬರ್ ನೋಡಿ ದರ ನಮೂದಿಸುವ ಇ-ಟೆಂಡರ್ ಪದ್ಧತಿ ಹರಡಿತು. ಅದಾಗಿ ಎರಡು ತಿಂಗಳೂ ತುಂಬುವ ಮುನ್ನ, ಏಪ್ರಿಲ್ 8ಕ್ಕೆ, ವಿಂಡೋಸ್ ಎಕ್ಸ್‌ಪಿಗೆ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಅಂಗಡಿಯ ಕಂಪ್ಯೂಟರ್ ಮಾರುಕಟ್ಟೆಗೆ ಅನಿವಾರ್ಯವಾದ ಹೊತ್ತಿಗೇ ಹಳೆಯ ಯಂತ್ರಗಳು ಕಾವಲಿಲ್ಲದಂತಾದವು.

ಸುಗ್ಗಿಯ ತಿಂಗಳುಗಳಲ್ಲಿ ಬ್ಯಾಡಗಿಗೆ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳು ಲಕ್ಷದ ಲೆಕ್ಕದಲ್ಲಿ ಬರುತ್ತವೆ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ರೈತರೂ ಇಲ್ಲಿಗೇ ಬರುತ್ತಾರೆ. ಟೆಂಡರ್ ತೆರೆದು, ತೂಕ ಮುಗಿದ ಮೇಲೆ ದಿವಾಣಜಿ ಒಬ್ಬೊಬ್ಬ ರೈತನ ಲೆಕ್ಕದ ಪಟ್ಟಿ ಮಾಡಿ ಪ್ರಿಂಟ್ ತೆಗೆಯಬೇಕು. ಹೊರಗೆ ಲಾರಿ ಬಾಡಿಗೆ ಏರುತ್ತಿರುತ್ತದೆ, ಹಮಾಲರು ಕೂಲಿಗೆ ನಿಂತಿರುತ್ತಾರೆ. ಅಂಥ ಹೊತ್ತಿನಲ್ಲಿ ನೀಲಿ ಪರದೆಯ ಮೇಲೆ ಶೇಕಡಾ 30ಕ್ಕೆ ನಿಂತ ಅಂಕಿ ಮತ್ತು ಕಂಪ್ಯೂಟರ್ ಆಫ್ ಮಾಡಬೇಡಿ ಎಂಬ ಇಂಗ್ಲಿಷ್ ಸಾಲು ಬಂತೆನ್ನಿ. ಆಗಿನ ಸಂಭಾಷಣೆಯನ್ನು ಯಾರು ಬೇಕಾದರೂ ಊಹಿಸಬಹುದು.

“ಪಟ್ಟಿ ಯಾವಾಗ ಕೊಡ್ತೀರಿ ದಿವಾಣಜಿಯಾರ? ಬಸ್ ತಪ್ಪತೈತ್ರಿ.”

“ತಡೀರಿ ಯಜಮಾನ್ರ, ಸಿಸ್ಟಂ ಅಪ್‌ಡೇಟ್ ತಗೊಂಡೈತಿ. ಅದು ಮುಗಿಯೂತನಾ ನಾ ಏನ್ ಮಾಡ್ಲಿ?”

ಇಲ್ಲಿ ಯಾರನ್ನು ಕೇಳಿದಂತಾಯಿತು? ಯಂತ್ರ ಕೊಂಡವರು ಅಂಗಡಿಯ ಸಾಹುಕಾರರು, ಅವರು ಪರದೆ ನೋಡುವುದಿಲ್ಲ. ನೋಡುವವರು ದಿವಾಣಜಿ, ಅವರಿಗೆ ಸೆಟ್ಟಿಂಗ್ ಬದಲಿಸುವ ಧೈರ್ಯವೂ ಅಧಿಕಾರವೂ ಇಲ್ಲ. ಸೆಟ್ಟಿಂಗ್ ಬಲ್ಲವನು ಫೋನ್ ಮಾಡಿದರೆ ಬರುವ ರಿಪೇರಿ ಹುಡುಗ. ತಡದ ನಷ್ಟ ಅನುಭವಿಸುವವನು ಕಟ್ಟೆಯ ಮೇಲೆ ಕೂತ ರೈತ. ಅವನಿಗಂತೂ ಯಾವ ಸೂಚನೆಯೂ ಬರುವುದಿಲ್ಲ. ಒಂದು ಸೂಚನೆ, ನಾಲ್ಕು ಜನ. ದಿವಾಣಜಿ ಪ್ರತಿಸಲ ‘ಆಮೇಲೆ’ ಒತ್ತುವುದು ಸೋಮಾರಿತನದಿಂದಲ್ಲ. ಅವರ ಅಧಿಕಾರದ ಮಿತಿಯೊಳಗೆ ಇರುವ ಸರಿಯಾದ ಉತ್ತರ ಅದೊಂದೇ.

ರಾಣೆಬೆನ್ನೂರಿನ ಜೆರಾಕ್ಸ್ ಅಂಗಡಿ, ಹಾವೇರಿಯ ಕಾಲೇಜಿನ ಲ್ಯಾಬ್, ಹಳ್ಳಿಯ ಗ್ರಾಮ ಒನ್ ಕೇಂದ್ರಗಳಲ್ಲೂ ಪಾತ್ರಧಾರಿಗಳು ಬೇರೆ, ಕಥೆ ಇದೇ. ಇವಕ್ಕೆಲ್ಲ ಸಮಾನವಾದ ಇನ್ನೂ ಮೂರು ಸಂಗತಿಗಳಿವೆ.

ಮೊದಲನೆಯದು ಡೇಟಾ ಮತ್ತು ಕರೆಂಟು. ಬ್ರಾಡ್‌ಬ್ಯಾಂಡ್ ಇಲ್ಲದ ಕಡೆ ಕಂಪ್ಯೂಟರ್ ನಡೆಯುವುದು ಮೊಬೈಲ್ ಹಾಟ್‌ಸ್ಪಾಟ್‌ನಿಂದ. ದಿನದ ಡೇಟಾ ಅಪ್‌ಡೇಟ್‌ಗೇ ಹೋದರೆ ಅರ್ಜಿ ಹಾಕುವುದಕ್ಕೆ ಉಳಿಯುವುದಿಲ್ಲ. ‘ಮೀಟರ್ಡ್ ಕನೆಕ್ಷನ್’ ಎಂಬ ಸೆಟ್ಟಿಂಗ್ ವಿಂಡೋಸ್ 8ರಿಂದಲೂ ಇದೆ. ಅದನ್ನು ಆನ್ ಮಾಡಿದರೆ ದೊಡ್ಡ ಡೌನ್‌ಲೋಡ್‌ಗಳು ತಡೆಯುತ್ತವೆ. ಆದರೆ ಅದು ಇರುವುದು ನಾಲ್ಕು ಪುಟದ ಒಳಗೆ. ಇನ್ನು ಅಪ್‌ಡೇಟ್ ನಡುವೆ ಹೆಸ್ಕಾಂ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿಯೂ ಮುಗಿದರೆ ಮುಂದಿನದನ್ನು ಹೇಳಬೇಕಿಲ್ಲ. ಎಷ್ಟು ಎಂ.ಬಿ., ಎಷ್ಟು ನಿಮಿಷ, ನಡುವೆ ಕರೆಂಟು ಹೋದರೆ ಏನು ಎಂಬುದನ್ನು ಹೇಳುವ ಸೂಚನೆ ಇಂದಿಗೂ ಅಪರೂಪ.

ಎರಡನೆಯದು ಪ್ರಿಂಟರ್. 2021ರ ಮಾರ್ಚ್‌ನ ವಿಂಡೋಸ್ ಅಪ್‌ಡೇಟ್ ಹಾಕಿದ ಮೇಲೆ ಕೆಲವು ಕಂಪನಿಗಳ ಪ್ರಿಂಟರ್‌ಗೆ ಪ್ರಿಂಟ್ ಕೊಟ್ಟರೆ ಕಂಪ್ಯೂಟರೇ ನೀಲಿ ಪರದೆಗೆ ಹೋಗುತ್ತಿತ್ತು. ಅದೇ ವರ್ಷ ‘ಪ್ರಿಂಟ್‌ನೈಟ್‌ಮೇರ್’ ಎಂಬ ಗಂಭೀರ ದೋಷಕ್ಕೆ ಹಾಕಿದ ತೇಪೆಗಳಿಂದ ಹಂಚಿಕೊಂಡು ಬಳಸುವ ಪ್ರಿಂಟರ್‌ಗಳು ಅಡ್ಮಿನ್ ಪಾಸ್‌ವರ್ಡ್ ಕೇಳತೊಡಗಿದವು. ಪ್ರಿಂಟರೇ ಹೊಟ್ಟೆಪಾಡಾಗಿರುವ ಅಂಗಡಿಯವರಿಗೆ ವೈರಸ್ ಕಾಣದ ಅಪಾಯ, ನಿಂತ ಪ್ರಿಂಟರ್ ಕಣ್ಣೆದುರಿನ ನಷ್ಟ.

ಮೂರನೆಯದು ಕನ್ನಡ. ವಿಂಡೋಸ್ ಎಕ್ಸ್‌ಪಿಯಿಂದ ಜೊತೆಗಿದ್ದ ತುಂಗಾ ಫಾಂಟ್ ವಿಂಡೋಸ್ 10ರಲ್ಲಿ ಐಚ್ಛಿಕ ಭಾಗವಾಯಿತು. ವಿಂಡೋಸ್‌ನ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿಕೊಂಡವರಿಗೆ ಅದು ಬರುತ್ತದೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿಕೊಂಡು ಬಂದವರಿಗೆ ಆ ಪಟ್ಟಿ ತೆರೆಯುವ ಪ್ರಸಂಗವೇ ಬಂದಿರುವುದಿಲ್ಲ. ಹೊಸ ವಿಂಡೋಸ್‌ನಲ್ಲಿ ತುಂಗಾದ ಹಳೆಯ ಕಡತ ತೆರೆದರೆ ಅಕ್ಷರ ಬೇರೆ, ಸಾಲು ಬೇರೆ, ಪುಟವೂ ಬೇರೆ. ಹೀಗಾಗುತ್ತದೆ ಎಂದು ಆ ಕಡತದ ಒಡೆಯರಿಗೆ ಯಾವ ಪೆಟ್ಟಿಗೆಯೂ ಮುಂಚೆ ಹೇಳಲಿಲ್ಲ. ಮೈಕ್ರೋಸಾಫ್ಟ್ ಕನ್ನಡದ ಇಂಟರ್‌ಫೇಸ್ ಕೊಡುತ್ತದೆ. ಯಂತ್ರ ಹಾಕಿಕೊಡುವವರು ಇಂಗ್ಲಿಷ್‌ನಲ್ಲೇ ಹಾಕಿಕೊಡುತ್ತಾರೆ. 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಹೊರಡಿಸುವ ಎಚ್ಚರಿಕೆಗಳೂ ತಾಂತ್ರಿಕ ಇಂಗ್ಲಿಷ್‌ನಲ್ಲೇ ಹೆಚ್ಚು.

ಇತ್ಯರ್ಥವಾಗದೆ ಉಳಿದವು

ಇಷ್ಟೆಲ್ಲ ಆದರೂ ಕೆಲವು ಪ್ರಶ್ನೆಗಳು ಹಾಗೇ ಉಳಿದಿವೆ.

ಒಂದು, ರೀಸ್ಟಾರ್ಟ್ ಎಂಬುದೇ ಇಲ್ಲವಾದರೆ ವಾದವೂ ಮುಗಿಯುತ್ತದೆಯೇ? ಓಡುತ್ತಿರುವ ವ್ಯವಸ್ಥೆಗೇ ತೇಪೆ ಹಾಕುವ ತಂತ್ರ ಲಿನಕ್ಸ್ ಸರ್ವರ್‌ಗಳಲ್ಲಿ ಹಳೆಯದು. 2025ರ ಏಪ್ರಿಲ್‌ನಿಂದ ವಿಂಡೋಸ್ 11ರ ಎಂಟರ್‌ಪ್ರೈಸ್ ಆವೃತ್ತಿಗೂ ಬಂದಿದೆ. ಮೂರು ತಿಂಗಳಿಗೊಮ್ಮೆ ಮಾತ್ರ ರೀಸ್ಟಾರ್ಟ್ ಸಾಕು. ಅಂಗಡಿಯ ಹೋಮ್ ಆವೃತ್ತಿಗೆ ಆ ಸೌಲಭ್ಯ ಸಿಕ್ಕಿಲ್ಲ. ಅಡಚಣೆ ತಾಳುವ ಶಕ್ತಿ ಕಡಿಮೆ ಇರುವವರಿಗೇ ಅಡಚಣೆ ಹೆಚ್ಚು.

ಎರಡು, ಪಾಲಿಸಲಾಗದ ಸೂಚನೆಗೆ ಏನು ಅರ್ಥ? ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್, ಹೊಸ ಪ್ರೊಸೆಸರ್ ಬೇಕು. ಚೆನ್ನಾಗಿಯೇ ನಡೆಯುತ್ತಿರುವ ಹಳೆಯ ಯಂತ್ರದ ಪರದೆಯ ಮೇಲೆ ಬರುವ ಸೂಚನೆ ಕೊನೆಗೆ ಹೇಳುವುದು ಹೊಸ ಕಂಪ್ಯೂಟರ್ ಕೊಳ್ಳಿ ಎಂದೇ. ಅದು ಭದ್ರತೆಯ ಎಚ್ಚರಿಕೆಯೋ ವ್ಯಾಪಾರದ ಕರೆಯೋ ಎಂಬ ಅನುಮಾನ ಬಂದರೆ ಬಳಕೆದಾರರನ್ನು ದೂರುವಂತಿಲ್ಲ.

ಮೂರು, ಭದ್ರತೆಯ ತೇಪೆಯನ್ನೂ ಹೊಸ ಸೌಲಭ್ಯವನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಕೆ? ಆ್ಯಪಲ್ 2023ರ ಮೇ 1ರಂದು ಭದ್ರತೆಗಷ್ಟೇ ಮೀಸಲಾದ ಸಣ್ಣ ಅಪ್‌ಡೇಟ್ ಬಿಟ್ಟು ಬೇರ್ಪಡಿಸುವ ಪ್ರಯತ್ನ ಮಾಡಿತು. ಅದನ್ನು ಎಲ್ಲರೂ ರೂಢಿಯಾಗಿ ಒಪ್ಪಿಲ್ಲ.

ನಾಲ್ಕನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು: ಹಂಚಿಕೊಂಡು ಬಳಸುವ ಯಂತ್ರದಲ್ಲಿ ಸೂಚನೆ ಯಾರಿಗೆ ಹೋಗಬೇಕು? ದೊಡ್ಡ ಕಂಪನಿಯಲ್ಲಿ ಇದಕ್ಕೆ ಐಟಿ ವಿಭಾಗವಿದೆ, ಮನೆಯಲ್ಲಿ ಯಜಮಾನರೇ ಬಳಕೆದಾರರು. ಇವೆರಡರ ನಡುವಿನ ಸಣ್ಣ ಅಂಗಡಿಯ ಬಗ್ಗೆ ಯಾವ ಪಂಥವೂ ಕೂತು ಯೋಚಿಸಿಲ್ಲ. ಅಂಗಡಿಯ ಸಾಹುಕಾರರ ಮೊಬೈಲ್‌ಗೆ, ಕನ್ನಡದಲ್ಲಿ, ‘ಇಂಥ ಯಂತ್ರಕ್ಕೆ ಇಷ್ಟು ನಿಮಿಷ ಬೇಕು, ಯಾವ ದಿನ ಮಾಡಲಿ?’ ಎಂದು ಕೇಳುವುದು ತಂತ್ರಜ್ಞಾನಕ್ಕೆ ಕಷ್ಟದ ಕೆಲಸವಲ್ಲ. ಯಾರೂ ಮಾಡಿಲ್ಲ, ಅಷ್ಟೇ.

ಪಂಥಗಳ ವಾದ ಮುಗಿಯಲೆಂದು ಬ್ಯಾಡಗಿ ಕಾಯಬೇಕಿಲ್ಲ. ಎರಡನೇ ಮಂಗಳವಾರದ ಮುನ್ನ ಅಪ್‌ಡೇಟನ್ನು ಏಳು ದಿನ ತಡೆಹಿಡಿದು, ಗುರುವಾರದ ವಹಿವಾಟು ಮುಗಿದ ಮೇಲೆ ಶುಕ್ರವಾರ ಸಂಜೆ ಬ್ಯಾಕಪ್ ತೆಗೆದು, ಯುಪಿಎಸ್ ನೋಡಿಕೊಂಡು ನೀವೇ ಹಾಕಿ. ಮೂರು ದಿನದ ತಡದಿಂದ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ತುರ್ತು ತೇಪೆ ಎಂದು ಸುದ್ದಿಯಾದರೆ ಮಾತ್ರ ಅಂದೇ ಹಾಕಬೇಕು. ವನ್ನಾಕ್ರೈಗೆ ಸಿಕ್ಕಿಬಿದ್ದವರ ತಡ ಎರಡು ತಿಂಗಳದ್ದಾಗಿತ್ತು. ವರ್ತಕರ ಸಂಘಗಳೂ ಎಪಿಎಂಸಿಯೂ ಸೇರಿ ತಿಂಗಳಿಗೊಂದು ಅಪ್‌ಡೇಟ್ ದಿನವನ್ನು ಗೊತ್ತುಮಾಡಿ, ಅಂಗಡಿಯಲ್ಲಿ ಆ ಕೆಲಸ ಯಾರದು ಎಂದು ಒಬ್ಬರ ಹೆಸರು ಬರೆದಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ಉಳಿದರ್ಧಕ್ಕೆ ವಿಂಡೋಸ್ ಮಾಡುವವರು ಉತ್ತರ ಕೊಡಬೇಕು.